ಪಂಪಿನ ಬಾಯಿಗೆ ಕಟ್ಟುವ ಬಟ್ಟೆ

ಹಗ್ಗದ ಮೇಲಿನ ಬಟ್ಟೆಗಳನ್ನು ಸೊಸೆ ಎರಡನೇ ಸಲ ಜಾಲಾಡಿದಳು. ಟವೆಲ್ಲುಗಳ ಮಡಿಕೆ ಬಿಡಿಸಿದಳು, ದಿಂಬಿನ ಚೀಲಗಳೊಳಗೆ ಕೈ ಹಾಕಿದಳು, ಗಾಳಿಗೆ ಹಾರಿ ಬಿದ್ದಿರಬಹುದೆಂದು ಬಕೆಟ್ಟುಗಳ ಹಿಂದೆ ಬಗ್ಗಿ ನೋಡಿದಳು. ನೈಲಾನ್ ಕಾಲುಚೀಲದ ಆ ತುಂಡು ಎಲ್ಲೂ ಇರಲಿಲ್ಲ. ಅಂಗೈ ಅಗಲದ ಬಟ್ಟೆ, ಅಂಚಿಗೆ ಎಲಾಸ್ಟಿಕ್. ಎಲಾಸ್ಟಿಕ್ ಹೊಲಿದವಳು ಅವಳೇ, ಮೊನ್ನೆ ಸಂಜೆ ತೊಳೆದು ಒಣಹಾಕಿದವಳೂ ಅವಳೇ. ಒಳಗೆ ಮಾವನ ದೇಹ ಮಲಗಿಸಿದ್ದರು. ಹನ್ನೊಂದಕ್ಕೆ ಗಾಡಿ ಬರುವುದಿತ್ತು.

ನಡುಮನೆಯಲ್ಲಿ ಕುರ್ಚಿಗಳು ತುಂಬಿದ್ದವು. ಮಾವ ಮೂವತ್ತೇಳು ವರ್ಷ ಹಲ್ಲಿನ ಸೆಟ್ಟು ಮಾಡಿದವರು. ಅಲ್ಲಿ ಕೂತು ಅಳುತ್ತಿದ್ದವರಲ್ಲಿ ಅರ್ಧ ಜನರ ಬಾಯಲ್ಲಿ ಇದ್ದದ್ದು ಅವರ ಕೈಕೆಲಸವೇ. ಬೋರ್ಡಿನ ಮೇಲೆ ಹೆಸರು ತನ್ನದು, ಕೆಲಸವೆಲ್ಲ ಅವರದು ಎಂದು ಹಲ್ಲಿನ ಡಾಕ್ಟರು ಬಂದವರಿಗೆಲ್ಲ ಹೇಳುತ್ತಿದ್ದರು. ಬದುಕಿದ್ದಾಗ ಒಂದು ದಿನವೂ ಹೇಳಿದವರಲ್ಲ. ನಿವೃತ್ತ ಪೋಸ್ಟ್‌ಮನ್ ಮಾತ್ರ ಗೋಡೆಗೆ ಆತುಕೊಂಡಿದ್ದ ಎತ್ತರದ ಗಾಜಿನ ಮೀನುತೊಟ್ಟಿಯ ಮುಂದೆ ನಿಂತುಬಿಟ್ಟಿದ್ದರು.

"ನನಗೆ ಹಲ್ಲು ಕೂರಿಸಿದ ದಿನಾನೇ ಮನೆಗೆ ಕರ್ಕೊಂಡು ಬಂದು ಈ ಕಡಲ ಹೂವನ್ನ ತೋರಿಸಿದ್ರು," ಎಂದರು ಅವರು. "ಇಷ್ಟು ದೊಡ್ಡ ಬಾಯಿ, ಒಂದು ಹಲ್ಲೂ ಇಲ್ಲ, ಇವಳಿಗೊಂದು ಸೆಟ್ಟು ಮಾಡಿಕೊಡೋಕೆ ನನ್ನ ಕೈಲಿ ಆಗಲಿಲ್ಲ ನೋಡಿ ಅಂತ ನಕ್ಕಿದ್ರು."

ಇಬ್ಬರು ಮೂವರು ನಕ್ಕು, ಆಮೇಲೆ ನಾಚಿಕೊಂಡು ಸುಮ್ಮನಾದರು. ಸೊಸೆಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಅವಳ ಕಣ್ಣು ತೊಟ್ಟಿಯ ಮೂಲೆಯಲ್ಲಿತ್ತು. ಅಲ್ಲಿ ಪಂಪು ಆರಿಸಿ ಒಂದು ದಿನವಾಗಿತ್ತು. ನೀರು ಎಳೆಯುವ ಅದರ ಬರಿಬಾಯಿಯ ಪಕ್ಕದಲ್ಲೇ ಕಡಲ ಹೂವು ಮುದುಡಿ ಕೂತಿತ್ತು, ಒಂದು ಪಕ್ಕ ಹರಿದು ಚಿಂದಿಯಾಗಿತ್ತು. ಬಿಳಿ ಪಟ್ಟೆಯ ಜೋಡಿ ಕಿತ್ತಳೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಪಂಪು ಹಾಕದಿದ್ದರೆ ಮೀನು ಉಳಿಯುವುದಿಲ್ಲ, ಬಟ್ಟೆಯಿಲ್ಲದೆ ಪಂಪು ಹಾಕಿದರೆ ಹೂವು ಉಳಿಯುವುದಿಲ್ಲ. ಬೇರೆ ಕಾಲುಚೀಲ ಕತ್ತರಿಸೋಣವೆಂದರೆ, ಮೊದಲಿದ್ದದ್ದು ಏನಾಯಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ.

"ಬೆಳಿಗ್ಗೆ ಎದ್ದು ಮೀನು ನೋಡ್ತಾ ನೋಡ್ತಾನೇ ಹೋಗಿಬಿಟ್ರು," ಎಂದು ಅವಳ ಗಂಡ ಬಾಗಿಲಲ್ಲಿ ಯಾರಿಗೋ ಹೇಳುತ್ತಿದ್ದ. ನಿನ್ನೆಯಿಂದ ಅದೇ ಮಾತು. ಪುಣ್ಯವಂತರ ಸಾವು ಎಂದು ಕೇಳಿದವರು ತಲೆದೂಗುತ್ತಿದ್ದರು. ಅಪ್ಪನ ಬಲಗೈ ತೋಳಿನ ತನಕ ಒದ್ದೆಯಾಗಿತ್ತು, ಸ್ಟೂಲು ಉರುಳಿ ಬಿದ್ದಿತ್ತು ಎಂಬುದನ್ನು ಮಾತ್ರ ಅವನು ಯಾರಿಗೂ ಹೇಳುತ್ತಿರಲಿಲ್ಲ. ಹೃದಯ ನಿಂತಿದೆ ಎಂದು ವೈದ್ಯರು ಬರೆದುಕೊಟ್ಟಿದ್ದರು, ಅವನಿಗೆ ಅಷ್ಟು ಸಾಕಾಗಿತ್ತು.

*

ಹೂವೆನ್ನುವುದು ಹೆಸರಿಗೆ. ಅದು ಪ್ರಾಣಿ, ಅದಕ್ಕೆ ಪಾದವಿದೆ, ಮನಸ್ಸಾದರೆ ನಡೆಯುತ್ತದೆ ಎಂದು ಸೊಸೆಗೆ ಹೇಳಿಕೊಟ್ಟವರು ಮಾವ. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಜೊತೆ ಮಾತಾಡಲು ಅವರಿಗೆ ಬೇರೆ ವಿಷಯವೇ ಸಿಗುತ್ತಿರಲಿಲ್ಲ, ಪಾಪ. ಹಲ್ಲಿನ ಸೆಟ್ಟಿಗೆ ಬಳಸುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನಿಂದಲೇ ಅದಕ್ಕೊಂದು ಜಗಲಿ ಮಾಡಿ ಗಾಜಿಗೆ ಅಂಟಿಸಿದ್ದರು. ಆರು ವರ್ಷ ಅದು ಆ ಜಗಲಿ ಬಿಟ್ಟು ಕದಲಿರಲಿಲ್ಲ. ಹೋದ ವಾರ ಹಳೆಯ ದೀಪ ಕೆಟ್ಟು ಹೊಸದು ಹಾಕಿದ್ದೇ ತಡ, ನಡೆಯಲು ಶುರುಮಾಡಿತು.

"ಮಹಾರಾಯ್ತಿಗೆ ಹೊಸ ಬೆಳಕು ಒಗ್ಗಿಲ್ಲ," ಎಂದಿದ್ದರು ಮಾವ. "ಅವಳಿಗೆ ಬೇಕಾದ ಜಾಗ ಅವಳೇ ಹುಡುಕ್ಕೋತಾಳೆ. ನಾವು ಕೀಳೋಕೆ ಹೋಗಬಾರದು ಕಣಮ್ಮ, ಪಾದ ಹರಿಯುತ್ತೆ. ಹರಿದು ಸತ್ತಳು ಅಂದ್ರೆ ನೀರೆಲ್ಲ ವಿಷ. ಜೊತೆಗಿರೋರೂ ಹೋದ ಹಾಗೆ."

"ಹಾಗಾದ್ರೆ ಏನು ಮಾಡೋದು ಮಾವ?"

"ಏನೂ ಮಾಡಬಾರದು. ಅವಳು ತಿರುಗಾಡೋವಾಗ ಪಂಪಿನ ಬಾಯಿ ಒಂದು ಗಳಿಗೇನೂ ಬರಿದಾಗಿ ಇರಬಾರದು, ಅಷ್ಟೇ."

ಬಟ್ಟೆಯಲ್ಲಿ ಕಸ ಕಟ್ಟಿಕೊಳ್ಳುವುದರಿಂದ ವಾರಕ್ಕೊಮ್ಮೆ ಬಿಚ್ಚಿ, ಸೋಪು ತಾಗಿಸದೆ ತೊಳೆದು, ಒಣಗಿಸಿ ಮತ್ತೆ ಹಾಕಬೇಕು. ಅವರ ಕೈ ನಡುಗತೊಡಗಿದ ಮೇಲೆ ಆ ಕೆಲಸ ಅವಳದಾಗಿತ್ತು. ಮಗನಿಗೂ ತೊಟ್ಟಿಯೊಳಗೆ ಕೈ ಹಾಕಲು ಬಿಡದವರು ಅವಳಿಗೆ ಬಿಟ್ಟಿದ್ದರು. ಅವಳಿಗೆ ಅದೊಂದು ಹೆಮ್ಮೆ.

ಮೊನ್ನೆ ಸಂಜೆ ಪಂಪು ಆರಿಸಿ, ಬಟ್ಟೆ ಬಿಚ್ಚಿ, ತೊಳೆದು ಹಗ್ಗಕ್ಕೆ ಹಾಕಿದಳು. ಅಷ್ಟರಲ್ಲಿ ಅವಳು ಕೆಲಸಕ್ಕೆ ಹೋಗುವ ಔಷಧಿ ಅಂಗಡಿಯಿಂದ ಫೋನು ಬಂತು, ನಾಳೆ ಬೇಗ ಬಂದು ಅಂಗಡಿ ತೆಗೆಯಬೇಕು ಎಂದು. ಮಾತಾಡುತ್ತಲೇ ಹಾದುಹೋಗುವಾಗ, ಪಂಪು ನಿಂತಿದೆಯಲ್ಲ ಎಂದು ಕೈ ತನ್ನಷ್ಟಕ್ಕೆ ಸ್ವಿಚ್ಚು ಒತ್ತಿತು.

ಅಷ್ಟೇ ಆದದ್ದು. ಪಂಪಿನ ಬಾಯಿ ಬರಿದಾಗಿದೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

*

ಮಣ್ಣು ಮುಗಿಸಿ ಬರುವಷ್ಟರಲ್ಲಿ ಮೂರು ಗಂಟೆ. ಡಾಕ್ಟರು ಗಾಡಿ ಬಿಟ್ಟು ಇಳಿಯಲೇ ಇಲ್ಲ. ಪೋಸ್ಟ್‌ಮನ್ ಒಂದು ಲೋಟ ನೀರು ಕುಡಿದು, ಹೂವಿಗೆ ಹುಷಾರಿಲ್ಲದ ಹಾಗಿದೆ ನೋಡಿಕೊಳ್ಳಮ್ಮ ಎಂದು ಸೊಸೆಗೆ ಹೇಳಿ ಹೋದರು.

ಗಂಡ ಬಕೆಟ್ಟು ಹಿಡಿದುಕೊಂಡು ಬಂದ. ಅವನ ಕಣ್ಣು ಕೆಂಪಾಗಿತ್ತು.

"ಇದನ್ನ ಇವತ್ತೇ ಖಾಲಿ ಮಾಡ್ತೀನಿ. ಈ ದರಿದ್ರದ್ದಕ್ಕೋಸ್ಕರ ತಾನೆ ಅವರು ಬೆಳಬೆಳಿಗ್ಗೆ ಸ್ಟೂಲು ಹತ್ತಿದ್ದು?"

"ಅದು ಇನ್ನೂ ಬದುಕಿದೆ," ಎಂದಳು ಸೊಸೆ. ಸತ್ತ ಹೂವಿನ ಬಾಯಿ ಜೋತುಬೀಳುತ್ತದೆ ಎಂದು ಮಾವ ಹೇಳಿದ್ದರು. ಇದರ ಬಾಯಿ ಬಿಗಿಯಾಗಿ ಮುಚ್ಚಿತ್ತು.

"ಬದುಕಿದ್ರೆ ಏನೀಗ?"

ಅತ್ತೆ ಒಳಗಿನಿಂದ ಬಂದರು. ಮಗನ ಕೈಯಿಂದ ಬಕೆಟ್ಟು ತೆಗೆದುಕೊಂಡು ಕೆಳಗಿಟ್ಟರು. ಬಾಡಿಗೆ ಕುರ್ಚಿಗಳನ್ನು ಹೊತ್ತಾಗುವ ಮುಂಚೆ ಹಿಂತಿರುಗಿಸಿ ಬಾ ಎಂದು ಅವನನ್ನು ಕಳುಹಿಸಿದರು. ಅವನು ಗೊಣಗುತ್ತ ಹೋದ. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುವ ಸದ್ದು ಹೊರಗೆ ತುಂಬ ಹೊತ್ತು ಕೇಳಿಸಿತು.

ಇನ್ನು ತಡೆಯಲಾಗದು ಎನಿಸಿತು ಸೊಸೆಗೆ. ಬೈದರೆ ಬೈಯಲಿ, ಮನೆಯಿಂದ ಆಚೆ ಹಾಕಿದರೂ ಹಾಕಲಿ.

"ಅತ್ತೆ, ಮೊನ್ನೆ ನಾನು ಪಂಪಿನ ಬಟ್ಟೆ..."

ಅತ್ತೆ ಸೊಂಟಕ್ಕೆ ಸಿಕ್ಕಿಸಿದ್ದ ಸಣ್ಣ ಚೀಲ ಬಿಚ್ಚಿದರು. ಅದರೊಳಗಿಂದ ನಾಲ್ಕು ಮಡಿಕೆ ಮಾಡಿದ ಕಾಲುಚೀಲದ ತುಂಡು ತೆಗೆದರು.

"ನಿನ್ನೆ ಬೆಳಿಗ್ಗೇನೇ ಹಗ್ಗದಿಂದ ತೆಗೆದಿಟ್ಟೆ," ಎಂದರು ಅತ್ತೆ. "ಬಂದವರ ಕಣ್ಣಿಗೆ ಬೀಳೋದು ಬೇಡ ಅಂತ."

"ನಿಮಗೆ ಗೊತ್ತಿತ್ತಾ?"

"ನನ್ನದೇ ಕಾಲುಚೀಲ, ಗೊತ್ತಾಗದೆ ಇರುತ್ತಾ?" ಅವರು ಅದನ್ನು ಸೊಸೆಗೆ ಕೊಡದೆ ಬೆರಳಲ್ಲಿ ತಿರುವುತ್ತಲೇ ಇದ್ದರು. "ನಿನ್ನ ಮೇಲೆ ಸಿಟ್ಟಿಲ್ಲ ಅಂತ ನಾನು ಹೇಳಲ್ಲ. ಇದೆ. ಇನ್ನೂ ಎಷ್ಟು ದಿನ ಇರುತ್ತೋ ಗೊತ್ತಿಲ್ಲ."

ಸೊಸೆ ತಲೆ ತಗ್ಗಿಸಿದಳು. ನಿನ್ನೆಯಿಂದ ಬಾರದ ಅಳು ಈಗ ಬಂತು. ಅತ್ತೆ ಅವಳ ಅಳು ನಿಲ್ಲುವವರೆಗೆ ಕಾಯಲಿಲ್ಲ.

"ಅವರು ನನ್ನನ್ನ ಕರೆದ್ರು ಕಣೇ. ಇವಳು ಪಂಪಿಗೆ ಸಿಕ್ಕಿಹಾಕ್ಕೊಂಡಿದ್ದಾಳೆ, ಬಂದು ಸ್ಟೂಲು ಹಿಡ್ಕೋ ಅಂದ್ರು. ನಾನು ಹಿಡಿದುಕೊಳ್ಳದೆ ಅವರು ಯಾವತ್ತೂ ಹತ್ತಿದವರಲ್ಲ. ಒಲೆ ಮೇಲೆ ಹಾಲಿತ್ತು. ಬಂದೆ ಇರಿ ಅಂದೆ." ಅತ್ತೆ ಬಟ್ಟೆಯ ಮಡಿಕೆ ಬಿಡಿಸಿದರು. "ಹಾಲು ಉಕ್ಕಲಿಲ್ಲ. ಸರಿಯಾದ ಹೊತ್ತಿಗೆ ಇಳಿಸಿದೆ."

ಮೀನುಗಳಲ್ಲೊಂದು ಮೇಲಿನಿಂದ ಇಳಿದು ಬಂದು, ಹರಿದ ಹೂವಿನ ಪಕ್ಕದಲ್ಲಿ ಒಂದು ಕ್ಷಣ ರೆಕ್ಕೆ ಬಡಿದು, ಉಸಿರು ಸಾಲದೆ ಮತ್ತೆ ಮೇಲಕ್ಕೆ ಹೋಯಿತು.

"ಒಣಗಿದೆ. ಹಾಕು," ಎಂದು ಅತ್ತೆ ಬಟ್ಟೆಯನ್ನು ಅವಳ ಅಂಗೈಯಲ್ಲಿಟ್ಟರು.

ಮೂಲೆಗೆ ತಳ್ಳಿದ್ದ ಸ್ಟೂಲನ್ನು ಸೊಸೆ ಎಳೆದುಕೊಂಡು ಬಂದಳು. ತೋಳು ಮಡಚಿದಳು. ಒಂದು ಕಾಲು ಮೇಲಿಟ್ಟಾಗ ಸ್ಟೂಲು ಎಂದಿನಂತೆ ಓಲಾಡಿತು. ಅದರ ಹಿಂದಿನ ಕಾಲೊಂದು ಮೊದಲಿನಿಂದಲೂ ಗಿಡ್ಡ. ಅವಳು ಹತ್ತಲೋ ಬೇಡವೋ ಎಂದು ನಿಂತಳು.

ಅತ್ತೆ ಮಂಡಿಯೂರಿ ನೆಲದ ಮೇಲೆ ಕೂತರು. ಆ ಗಿಡ್ಡ ಕಾಲನ್ನು ಎರಡೂ ಕೈಯಲ್ಲಿ ಅವಚಿ ಹಿಡಿದುಕೊಂಡರು. ಸೊಸೆ ಮೇಲೆ ಹತ್ತಿ, ಬಟ್ಟೆ ಕಟ್ಟಿ, ಸ್ವಿಚ್ಚು ಒತ್ತಿ, ನೀರು ಮತ್ತೆ ಓಡಾಡಲು ಶುರುವಾಗಿ, ಅವಳು ಕೆಳಗಿಳಿದು ನಿಂತ ಮೇಲೂ ಅವರು ಕೈ ಬಿಡಲಿಲ್ಲ.