ಮಾಳಿಂಗ ಹೇಳದೇ ಉಳಿಸಿಕೊಂಡ ಸಲಹೆ

ಇಪ್ಪತ್ತೆರಡು ವರ್ಷದಿಂದ ಅಫಜಲಪುರ, ಆಳಂದ, ಜೇವರ್ಗಿ ಮೂರೂ ತಾಲೂಕಿನಲ್ಲಿ ಯಾರಾದರೂ ಸಭೆ ಮಾಡಬೇಕೆಂದರೆ ಮೊದಲು ಬರುತ್ತಿದ್ದದ್ದು ಮಾಳಿಂಗನ ಮನೆಗೆ. ಪೆಂಡಾಲು, ಮೈಕು, ಹಾರ, ಊಟ, ಯಾರ ಪಕ್ಕ ಯಾರನ್ನು ಕೂರಿಸಬಾರದು ಎನ್ನುವುದು, ಎಲ್ಲ ಅವನದೇ ಉಸ್ತುವಾರಿ. ಅಂಥದ್ದರಲ್ಲಿ ಈ ಸಲ ತೊಗರಿ ಬೆಳೆಗಾರರ ಸಂಘದವರು ಮೂರು ತಾಲೂಕಿನ ದೊಡ್ಡ ಸಭೆಯನ್ನು ಗೊಬ್ಬೂರಿನ ವಿಜಯಶ್ರೀಗೆ ಒಪ್ಪಿಸಿಬಿಟ್ಟರು. ಇಪ್ಪತ್ತೇಳರ ಹುಡುಗಿ. ಮೂರು ವರ್ಷದ ಹಿಂದೆ ಇದೇ ಮಾಳಿಂಗನ ಕೈಕೆಳಗೆ ಅತಿಥಿಗಳಿಗೆ ನೀರು ಕೊಡುತ್ತ ಕೆಲಸ ಕಲಿತವಳು.

ಸುದ್ದಿ ಕೇಳಿದ ದಿನ ಮಾಳಿಂಗನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಹೊಟ್ಟೆಕಿಚ್ಚು ಎಂದು ಹೆಂಡತಿ ನೇರವಾಗಿಯೇ ಅಂದಳು. ಪಿತ್ತ ಎಂದು ಇವನು ವಾದಿಸಿದ. ಅಲ್ಲಿಂದ ಮುಂದೆ ಆ ಸಭೆಯ ಮಾತು ತೆಗೆದವರಿಗೆ ಇವನ ಹತ್ತಿರ ಪುರುಸೊತ್ತೇ ಇರಲಿಲ್ಲ. ಆಳಂದದ ಕಡೆಯ ನರೋಣಾದಿಂದ ಅಕ್ಕ ರೇವಮ್ಮ ಫೋನು ಮಾಡಿ, "ತಮ್ಮಾ, ಆ ತೊಗರಿ ಸಭಾದ್ದು ಒಂದ ಮಾತ ಹೇಳೋದದ" ಎಂದಾಗಲೂ, "ಕೆಲಸದಾಗ ಇದ್ದೇನಿ ಅಕ್ಕಾ, ಆಮ್ಯಾಲ ಮಾಡ್ತೇನಿ" ಎಂದು ಇಟ್ಟುಬಿಟ್ಟ. ಕೆಲಸವೇನೂ ಇರಲಿಲ್ಲ. ಕಟ್ಟೆಯ ಮೇಲೆ ಕೂತು ಉಗುರು ತೆಗೆಯುತ್ತಿದ್ದ. ಆಮೇಲೆ ಫೋನೂ ಮಾಡಲಿಲ್ಲ.

ಸಭೆಗೆ ಇನ್ನೊಂದು ವಾರವಿದೆ ಎನ್ನುವಾಗ ವಿಜಯಶ್ರೀಯೇ ಮನೆಗೆ ಬಂದಳು. ಕಾಲು ಮುಟ್ಟಿ ನಮಸ್ಕಾರ ಮಾಡಿ ಆಮಂತ್ರಣ ಪತ್ರಿಕೆ ಕೈಗಿಟ್ಟಳು. ಈ ಕಸುಬಿನವರು ಪತ್ರಿಕೆಯನ್ನು ಓದುವುದಿಲ್ಲ, ಅದರಲ್ಲಿ ತಮ್ಮ ಹೆಸರು ಹುಡುಕುತ್ತಾರೆ. ಮಾಳಿಂಗನೂ ಹುಡುಕಿದ. ಸಿಗಲಿಲ್ಲ. ಮಡಚಿ ಟಿವಿಯ ಕೆಳಗೆ ತುರುಕಿದ.

"ಕಾಕಾ, ನಿಮ್ಮನ್ನ ಕೇಳದೇ ಮಾಡಾಕ ನನಗ ಧೈರ್ಯ ಇಲ್ರಿ. ಏನೇನ ನೋಡ್ಕೋಬೇಕು ಹೇಳ್ರಿ" ಎಂದು ಅವಳು ನೋಟ್‌ಬುಕ್ಕು ತೆಗೆದಳು.

ಹೊಟ್ಟೆ ಉರಿಯುತ್ತಿದ್ದರೂ ಹೇಳುವ ಚಪಲ ಬಿಡಬೇಕಲ್ಲ.

"ಮುಂದಿನ ಸಾಲಿನ್ಯಾಗ ನಾಕ ಕುರ್ಚಿ ಖಾಲಿ ಬಿಡು. ಕರೀದವ್ರೇ ಮೊದಲ ಬರ್ತಾರ. ಮಾಜಿ ಅಧ್ಯಕ್ಷರ ಕೈಗೆ ಮೈಕ್ ಕೊಡಬ್ಯಾಡ, ಕೊಟ್ರ ವಾಪಸ್ ಬರಂಗಿಲ್ಲ. ಒಲಿ ಹಿತ್ತಲ ಕಡೀಗಿ ಹಾಕ್ಸು. ಊಟದ ವಾಸನಿ ಬಂತಂದ್ರ ಭಾಷಣ ಯಾರೂ ಕೇಳಂಗಿಲ್ಲ. ಶಾಲಿನ ಮ್ಯಾಲಿನ ರೇಟಿನ ಚೀಟಿ ಹಿಂದಿನ ದಿನಾನೇ ಕಿತ್ತಿಡು."

ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು. "ಹಳ್ಳಿ ಮಂದಿ ಬರಾಕ ಏನಾರ ವ್ಯವಸ್ಥಾ ಮಾಡಬೇಕೇನ್ರಿ? ಮುಂಜಾನಿ ಎಲ್ಲಾ ಕಡಿಂದ ಬಸ್ ಅವ, ಟೈಮ್ ನೋಡೇನಿ."

ಮಾಳಿಂಗನ ಕಣ್ಣು ಗೋಡೆಯ ಕ್ಯಾಲೆಂಡರಿನ ಮೇಲೆ ಹೋಯಿತು. ಆ ದಿನ ಹುಣ್ಣಿಮೆ. ಹುಣ್ಣಿಮೆಗೆ ಗಾಣಗಾಪುರದ ದತ್ತನ ಗುಡಿಗೆ ಜನ ಮುಗಿಬೀಳುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಆ ಜನಕ್ಕಾಗಿ ದೂರದ ಹಳ್ಳಿಗಳ ಮುಂಜಾನೆಯ ಬಸ್ಸನ್ನೇ ಅತ್ತ ತಿರುಗಿಸುತ್ತಾರೆ, ಅದರಲ್ಲಿ ನರೋಣಾದ್ದನ್ನೇ ಮೊದಲು ತೆಗೆಯುತ್ತಾರೆ ಎನ್ನುವುದು ಸಭೆ ಮಾಡಿ ಪೆಟ್ಟು ತಿಂದವನಿಗೆ ಮಾತ್ರ ಗೊತ್ತು. ಹುಣ್ಣಿಮೆಯ ಸಭೆ ಇದ್ದರೆ ಅವನು ಊರೂರಿಗೆ ಕ್ರೂಸರ್ ಜೀಪು ಕಳಿಸುತ್ತಿದ್ದ, ಒಂದು ಸಲವೂ ತಪ್ಪಿಸಿದವನಲ್ಲ. ಮಾತು ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಟಿವಿಯ ಕೆಳಗಿನ ಪತ್ರಿಕೆ ಕಾಣಿಸಿತು.

"ಬಸ್ ಅವ ಅಂದ್ರ ಸಾಕಲ್ಲ ಬಿಡು" ಎಂದ.

ಸಭೆಯ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಮೈಕ್‌ಸೆಟ್ಟಿನ ಬುರಾನುದ್ದೀನ ಹಾಕಿದ ಮೈಕು ಒಮ್ಮೆಯೂ ಕಿರುಚಲಿಲ್ಲ. ವೇದಿಕೆಯ ಹೂವು ತಾನು ಮಾಡಿಸುತ್ತಿದ್ದದ್ದಕ್ಕಿಂತ ಚೆನ್ನಾಗಿತ್ತು. ಅದನ್ನು ನೋಡಿ ಎದೆಯೊಳಗೆ ಖಾರ ಅರೆದಂತಾಯಿತು. ಆದರೆ ಹನ್ನೊಂದಾದರೂ ಅರ್ಧ ಕುರ್ಚಿಗಳು ಖಾಲಿ. ಜೇವರ್ಗಿಯವರು ತಮ್ಮ ತಮ್ಮ ಗಾಡಿಯಲ್ಲಿ ಬಂದಿದ್ದರು, ಆಳಂದದ ಕಡೆಯ ಹಳ್ಳಿಗಳಿಂದ ಒಂದು ನರಪಿಳ್ಳೆಯೂ ಇಲ್ಲ. ಮಾಳಿಂಗನಿಗೆ ಖುಷಿಯಾಯಿತು. ತಿಂಗಳಿಂದ ಸಿಗದಿದ್ದ ಖುಷಿ. ಅತಿಥಿಗಳು ಗಡಿಯಾರ ನೋಡಿ ನೋಡಿ ಒಂದು ಗಂಟೆಗೆಲ್ಲ ಎದ್ದು ಹೋದರು. ಸನ್ಮಾನದ ತಟ್ಟೆಯಲ್ಲಿ ಒಂದು ಶಾಲು ಹಾಗೇ ಉಳಿಯಿತು.

ವಿಜಯಶ್ರೀ ಮುಖ ಸಪ್ಪೆ ಮಾಡಿಕೊಂಡು ಅವನ ಹತ್ತಿರವೇ ಬಂದಳು. "ಕಾಕಾ, ಅತ್ತಿ ಯಾಕ ಬರಲಿಲ್ರಿ?"

"ಯಾವ ಅತ್ತಿ?"

ಅವಳು ಕೈಯಲ್ಲಿದ್ದ ಆಮಂತ್ರಣ ಪತ್ರಿಕೆಯ ಕೊನೆಯ ಪುಟ ತೆರೆದು ಹಿಡಿದಳು. ಉತ್ತಮ ತೊಗರಿ ಬೆಳೆದ ರೈತ ಮಹಿಳೆಗೆ ಸನ್ಮಾನ: ಶ್ರೀಮತಿ ರೇವಮ್ಮ, ನರೋಣಾ.

ಮಾಳಿಂಗ ಆ ಹೆಸರನ್ನು ಎರಡು ಸಲ ಓದಿದ. ಜೇಬಿನಲ್ಲಿದ್ದ ಫೋನು ತೆಗೆದು ಅಕ್ಕನಿಗೆ ಹಚ್ಚಿದ. ಕೈ ತಪ್ಪಿ ಸ್ಪೀಕರ್ ಒತ್ತಿದ್ದು ಗೊತ್ತಾಗಲಿಲ್ಲ.

"ತಮ್ಮಾ, ಮುಂಜಾನಿ ಎಂಟಕ್ಕ ಬಸ್ ನಿಲ್ಲೋ ಕಡಿ ಬಂದು ನಿಂತೇನಿ" ಎಂದಳು ರೇವಮ್ಮ. "ಹೊಸ ಸೀರಿ ಎಲ್ಲಾ ಧೂಳಾಗ್ಯಾದ. ನೀ ಕೆಲಸದಾಗ ಇರ್ತಿ ಅಂತ ಫೋನ್ ಮಾಡಲಿಲ್ಲ."

"ಅಕ್ಕಾ, ಇವತ್ತ ಹುಣ್ಣಿಮಿ. ಬಸ್ ಬರಂಗಿಲ್ಲ ಅಂತ ನಿನಗ ಗೊತ್ತಿರಲಿಲ್ಲೇನು?"

"ಗೊತ್ತಿತ್ತಲ್ಲೋ. ನಿನ್ನ ಕೇಳೇ ಎಲ್ಲಾ ಮಾಡಾಕತ್ತೇನಿ ಅಂತ ಆ ಹುಡುಗಿ ಹೇಳಿದ್ಳು. ನಿನ್ನ ಕೇಳ್ಯಾರ ಅಂದ್ರ ಕ್ರೂಸರ್ ಬಂದೇ ಬರ್ತದ ಅಂತ ಇಲ್ಲೇ ನಿಂತೇನಿ. ಎಲ್ಲಿತನಾ ಬಂದಾದ ಅದು?"

ಮಾಳಿಂಗ ಸ್ಪೀಕರ್ ಆರಿಸಲು ತಡಕಾಡಿದ. ವಿಜಯಶ್ರೀಗೆ ಎಲ್ಲ ಅರ್ಥವಾಯಿತು. ಅವನ ಕೈಯಿಂದ ಫೋನು ತೆಗೆದುಕೊಂಡಳು.

"ಅತ್ತಿ, ತಪ್ಪು ನಂದ್ರಿ. ಕಾಕಾ ಹೇಳಿದ್ರು, ನಾನೇ ಮರತೇನಿ. ನೀವು ಮನಿಗೆ ಹೋಗಿ ಕುಂಡ್ರಿ. ಸಂಘದವರ್ನ ಕರಕೊಂಡು ಶಾಲು ಹಿಡ್ಕೊಂಡು ನಿಮ್ಮ ಮನಿಗೇ ಬರ್ತೇನಿ."

ಅವನ ಮುಖ ನೋಡದೆ ಫೋನು ವಾಪಸ್ಸು ಕೊಟ್ಟಳು. ವೈರು ಸುತ್ತುತ್ತಿದ್ದ ಬುರಾನುದ್ದೀನನ ಕಡೆ ತಿರುಗಿದಳು.

"ಚಾಚಾ, ನರೋಣಾಕ್ಕ ಹೋಗಾಕ ಕ್ರೂಸರ್ ಯಾರದು ಸಿಗ್ತದ್ರಿ?"

ಮೂರು ತಾಲೂಕಿನ ಕ್ರೂಸರ್‌ನವರ ನಂಬರೆಲ್ಲ ಮಾಳಿಂಗನ ಫೋನಿನಲ್ಲಿದ್ದವು. ಅದು ಅವಳಿಗೂ ಗೊತ್ತಿತ್ತು, ಬುರಾನುದ್ದೀನನಿಗೂ ಗೊತ್ತಿತ್ತು. ಇಬ್ಬರೂ ಅವನನ್ನು ಕೇಳಲಿಲ್ಲ.