ಹದಿನೈದು ದಿನಕ್ಕೆಂದು ಬಂದ ಕೆಂಚ

ಬಾಳೂರಿನ ಆ ಎಸ್ಟೇಟಿನಲ್ಲಿ ಕೂಲಿ ಲೈನಿನ ಕೊನೆಯ ಮನೆ ರೇವತಿಯದು. 2003ರ ಫೆಬ್ರವರಿಯಲ್ಲಿ ಒಂದು ದಿನ ಸಾಹುಕಾರರ ಹೆಂಡತಿ ಧನ್ಯಾ ಜೀಪಿನಿಂದ ಒಂದು ಕೆಂಚು ನಾಯಿಯನ್ನು ಇಳಿಸಿ, ಹಗ್ಗವನ್ನು ಅವಳ ಕೈಗೆ ಕೊಟ್ಟರು. ಕೊಟ್ಟಿಗೆಹಾರದ ರಸ್ತೆಯಲ್ಲಿ ಯಾರೋ ಕಾರಿನವರು ಅದನ್ನು ಬಿಟ್ಟು ಹೋಗಿದ್ದರಂತೆ.

"ಬಂಗಲೆ ನಾಯಿಗಳು ಇದನ್ನ ಸಿಗಿದು ಹಾಕ್ತಾವೆ ರೇವತಿ. ಹದಿನೈದು ದಿನ ಇಟ್ಕೊ. ಅಷ್ಟರೊಳಗೆ ಯಾರಿಗಾದ್ರೂ ಕೊಡೋಣ."

ಇರುವ ಮನೆಯೇ ಎಸ್ಟೇಟಿನದು. ಗಂಡ ಬಾಲರಾಜ್ ಓಡಿಸುವುದೂ ಅವರದೇ ಜೀಪು. ಆಗುವುದಿಲ್ಲ ಅನ್ನುವುದು ಹೇಗೆ?

ನಾಲ್ಕನೇ ದಿನ ಕೆಂಚ ಅಂಗಳದಲ್ಲಿ ದಬ್ಬನೆ ಬಿತ್ತು. ಕಾಲು ಸೆಟೆದವು, ಬಾಯಲ್ಲಿ ನೊರೆ ಬಂತು. ಪಕ್ಕದ ಮನೆಯ ಹುಚ್ಚಮ್ಮ "ಹುಚ್ಚುನಾಯಿ ಕಣೇ!" ಎಂದು ಕೂಗಿ ಮೊಮ್ಮಕ್ಕಳನ್ನು ಒಳಗೆಳೆದುಕೊಂಡಳು. ಮೂಡಿಗೆರೆಯ ಪಶುವೈದ್ಯರು ನೋಡಿ, ಹುಚ್ಚಲ್ಲ, ಫಿಟ್ಸ್ ಎಂದರು. ಬೆಳಿಗ್ಗೆ ಆರಕ್ಕೊಂದು, ಸಂಜೆ ಆರಕ್ಕೊಂದು ಮಾತ್ರೆ. ಬದುಕಿರುವಷ್ಟು ದಿನವೂ ಕೊಡಬೇಕು, ಹೊತ್ತು ತಪ್ಪಿದರೆ ಜೀವಕ್ಕೇ ಅಪಾಯ.

ಮಾತ್ರೆ ಬಂಗಲೆಯಿಂದ ಬರುತ್ತಿತ್ತು, ಕೊಡುವ ಕೆಲಸ ರೇವತಿಯದು. ಬೇರೆ ಯಾರೂ ನಾಯಿಯನ್ನು ಮುಟ್ಟುತ್ತಿರಲಿಲ್ಲ. ಬಾಲರಾಜನಿಗೋ ಇವತ್ತು ಮಂಗಳೂರು, ನಾಳೆ ಹಾಸನ. ಸಂಸೆಯಲ್ಲಿ ಅಕ್ಕನಿಗೆ ಹೆಣ್ಣು ಮಗು ಹುಟ್ಟಿ, ನಾಮಕರಣವೂ ಮುಗಿಯಿತು. ಬೆಳಿಗ್ಗೆ ಹೊರಟರೆ ಸಂಜೆ ಆರರೊಳಗೆ ವಾಪಸ್ ತಲುಪಿಸುತ್ತದೆ ಎಂದು ನಂಬುವಂಥ ಬಸ್ಸಿರಲಿಲ್ಲ. "ಒಂದು ನಾಯಿಗೋಸ್ಕರ ಬರ್ಲಿಲ್ವಾ?" ಎಂದು ಅಕ್ಕ ಫೋನಿನಲ್ಲಿ ಅತ್ತಳು. ಫೋನ್ ಇಟ್ಟು ಬಂದ ರೇವತಿ ಕೆಂಚನಿಗೆ ಅನ್ನ ಹಾಕದೆ ಕೂತಳು. ಅದು ಬಂದು ಅವಳ ಪಾದದ ಮೇಲೆ ಗದ್ದ ಇಟ್ಟು ಮಲಗಿತು. ಅವಳ ಸಿಟ್ಟು ಇನ್ನೂ ಏರಿತು. ಎದ್ದು ಅನ್ನ ಹಾಕಿದಳು.

ಲೈನಿನವರ ದೂರು ಹೊತ್ತು, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಷಡಕ್ಷರಿ ಬಂದ. "ನಾಯಿ ಸಾಗಹಾಕು, ಇಲ್ಲ ಮನೆ ಖಾಲಿ ಮಾಡು."

"ಅಮ್ಮಾವ್ರಿಗೇ ಹೇಳಿ ಸಾರ್."

"ಅವರಿಗೆ ನಾನು ಹೇಳೋಕಾಗುತ್ತಾ ಮಾರಾಯ್ತಿ?" ಎಂದು ಅವನು ದನಿ ತಗ್ಗಿಸಿದ.

ಮೇ ತಿಂಗಳಲ್ಲಿ ಮೂಡಿಗೆರೆಯ ಹಾರ್ಡ್‌ವೇರ್ ಅಂಗಡಿಯ ಚಂದ್ರಶೇಖರ ಎಂಬವರು ನಾಯಿ ಕೇಳಿಕೊಂಡು ಬಂದರು. "ಫಿಟ್ಸ್ ಅಂದ್ರೆ ಯಾರು ತಗೊಳ್ತಾರೆ? ಶಕ್ತಿ ಮಾತ್ರೆ ಅಂತ ಹೇಳು" ಎಂದು ಧನ್ಯಾ ಮೊದಲೇ ಹೇಳಿದ್ದರು. ರೇವತಿ ಹಾಗೆಯೇ ಹೇಳಿದಳು. ಕರೆದೊಯ್ದ ಐದನೇ ದಿನ ಚಂದ್ರಶೇಖರ ಕೆಂಚನನ್ನು ಗೋಣಿಚೀಲದಲ್ಲಿ ಕಟ್ಟಿ ತಂದು ಅಂಗಳದಲ್ಲಿಟ್ಟರು. ಶಕ್ತಿ ಮಾತ್ರೆ ತಾನೇ ಎಂದು ಎರಡು ದಿನ ಕೊಟ್ಟಿರಲಿಲ್ಲವಂತೆ.

"ನಾಯಿ ಒದ್ದಾಡೋದು ನೋಡಿ ನನ್ನ ಮಗಳು ಜ್ವರ ಬಂದು ಮಲಗಿದ್ದಾಳೆ. ಮೊದಲೇ ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?"

ರೇವತಿ ಚೀಲದ ಬಾಯಿ ಬಿಚ್ಚಿದಳು. ಒಂದು ವಾರ ಕೆಂಚನಿಗೆ ಅವಳ ಗುರುತೇ ಹತ್ತಲಿಲ್ಲ.

ಸೆಪ್ಟೆಂಬರಿನಲ್ಲಿ ಹುಚ್ಚಮ್ಮನ ಮನೆಗೆ ಅವಳ ನೆಂಟ, ಕಳಸದ ಟೈಲರ್ ಬೊಮ್ಮಯ್ಯ ಬಂದರು. ಹೆಂಡತಿ ತೀರಿಕೊಂಡವರು, ಮನೆಯಲ್ಲೇ ಕೂತು ಹೊಲಿಯುವವರು. ಕೆಂಚನ ಕಿವಿ ತುರಿಸುತ್ತಾ, "ಇದನ್ನ ನಂಗೆ ಕೊಡ್ತೀಯೇನಮ್ಮ?" ಎಂದರು.

ಈ ಸಲ ರೇವತಿ ಎಲ್ಲ ಹೇಳಿಬಿಟ್ಟಳು. "ಫಿಟ್ಸ್ ಬಂದಾಗ ಬಾಯಿಗೆ ಕೈ ಹಾಕ್ಬಾರ್ದು. ಕಬ್ಬಿಣ ಗಿಬ್ಬಿಣ ಮುಟ್ಟಿಸೋದೂ ಬೇಡ. ತಲೆ ಗೋಡೆಗೆ ಬಡಿಯದ ಹಾಗೆ ನೋಡ್ಕೊಂಡು ಪಕ್ಕದಲ್ಲಿ ಕೂತಿರ್ಬೇಕು, ಅಷ್ಟೇ. ಆದ್ರೆ ನೀವು ಊರು ಬಿಟ್ಟು ಎಲ್ಲೂ ಹೋಗೋಕಾಗಲ್ಲ. ಅದನ್ನೂ ಯೋಚ್ನೆ ಮಾಡಿ."

ಬೊಮ್ಮಯ್ಯ ಕಿವಿಯಿಂದ ಕೈ ತೆಗೆದರು. ಮಾತ್ರೆಯ ಖಾಲಿ ಸ್ಟ್ರಿಪ್ ಒಂದನ್ನು ಇಸಕೊಂಡು, ನೋಡೋಣ ಎಂದು ಹೋದರು. ಎಂಟು ದಿನವಾಯಿತು, ಇಪ್ಪತ್ತಾಯಿತು. ಸುಳ್ಳು ಹೇಳಿದ್ದರೆ ಇಷ್ಟು ಹೊತ್ತಿಗೆ ಬಿಡುಗಡೆಯಾಗುತ್ತಿತ್ತಲ್ಲ ಎಂದು ರೇವತಿ ತನ್ನನ್ನೇ ಬೈದುಕೊಂಡಳು.

ದಸರೆ ಕಳೆದ ಮೇಲೆ ಬೊಮ್ಮಯ್ಯ ಮತ್ತೆ ಬಂದರು. "ಕಳಸದ ಮೆಡಿಕಲ್ಲಿನವ್ರು ಮಾತ್ರೆ ತರಿಸಿಕೊಡ್ತಾರಂತೆ. ಅದು ಖಾತ್ರಿಯಾಗೋವರೆಗೆ ಬರೋದು ಬೇಡ ಅಂತಿದ್ದೆ." ಆ ಸಂಜೆ ಅವಳು ಬೆಲ್ಲದಲ್ಲಿ ಮಾತ್ರೆ ಅದುಮಿ ತಿನ್ನಿಸುವುದನ್ನು ಪಕ್ಕದಲ್ಲಿ ಕೂತು ನೋಡಿದರು. ಮಾರನೇ ಬೆಳಿಗ್ಗೆ ತಾವೇ ತಿನ್ನಿಸಿದರು.

ಕಳಸದ ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್ ಬೊಮ್ಮಯ್ಯನವರನ್ನೂ ಕೆಂಚನನ್ನೂ ತಡೆದ. "ಕಾಯಿಲೆ ನಾಯಿಯಂತೆ?"

"ಹೌದು, ಫಿಟ್ಸ್ ಇದೆ. ಮಾತ್ರೆ ಕೊಟ್ಟಾಗಿದೆ" ಎಂದು ಕಳಿಸಲು ಬಂದಿದ್ದ ರೇವತಿ ಇಡೀ ಬಸ್ಸಿಗೆ ಕೇಳುವಂತೆ ಹೇಳಿದಳು. ಅವನು ಹಿಂದಿನ ಸೀಟು ತೋರಿಸಿದ.

ಆ ಭಾನುವಾರವೇ ಅವಳು ಸಂಸೆಗೆ ಹೋಗಿ ಮೂರು ದಿನ ಇದ್ದು ಬಂದಳು. ಬರುವಷ್ಟರಲ್ಲಿ ಬಂಗಲೆಯಿಂದ ಕರೆ ಬಂದಿತ್ತು.

"ನೀನಿಲ್ದಿದ್ರೆ ಕೆಂಚ ಉಳೀತಿರ್ಲಿಲ್ಲ" ಎಂದರು ಧನ್ಯಾ. ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. "ಅತ್ತಿಗುಂಡಿಯಲ್ಲಿ ಇನ್ನೊಂದಿದೆಯಂತೆ ಪಾಪ, ಕಣ್ಣು ಕಾಣಲ್ಲ. ಸ್ವಲ್ಪ ದಿನ ನಿನ್ನ ಹತ್ರಾನೇ..."

ರೇವತಿ ಮಾತು ಮುಗಿಸಲು ಬಿಡಲಿಲ್ಲ. "ಆಗಲ್ಲ ಅಮ್ಮಾ."

ಧನ್ಯಾ ಅವಳ ಮುಖವನ್ನೊಮ್ಮೆ ನೋಡಿ ಒಳಗೆ ಹೋದರು.

ಮುಂದಿನ ವಾರ ಬಾಲರಾಜನನ್ನು ಜೀಪಿನಿಂದ ಬಿಡಿಸಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯಲ್ಲಿ ಹಣ್ಣು ಸುರಿಯುವ ಕೆಲಸಕ್ಕೆ ಹಾಕಿದರು. ಏಕೆ ಎಂದು ಯಾರೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಮೊದಲ ದಿನ ಸಿಪ್ಪೆಯ ಹುಳಿವಾಸನೆ ಹೊತ್ತು ಬಂದವನ ಮುಖ ನೋಡಲು ಅವಳಿಗೆ ಧೈರ್ಯ ಬರಲಿಲ್ಲ.

"ಆ ಕುರುಡು ನಾಯೀನ ಒಪ್ಕೊಂಡಿದ್ರೆ ಆಗಿರೋದು" ಎಂದಳು ತಾನೇ.

ಬಾಲರಾಜ್ ಬಚ್ಚಲಲ್ಲಿ ಕೈ ತೊಳೆದುಕೊಂಡ. "ಇನ್ನು ದಿನಾ ಮನೆಗೆ ಬರ್ತೀನಲ್ಲ, ಬಿಡು" ಎಂದ.