ಬೆನ್ನಿನಿಂದ ಬೀಸುವ ಫ್ಯಾನು

ಬಣ್ಣ ಕರಗಿಸುವ ಎಣ್ಣೆ ಒಂದು ಡಬ್ಬಿಗೆ ಎರಡು ಕಟಿಂಗ್. ಉಜ್ಜುವ ಕಾಗದಕ್ಕೆ ಒಂದು ಶೇವಿಂಗ್. ಗ್ರಂಥಾಲಯದ ಸದಸ್ಯತ್ವಕ್ಕೆ ಮೂರು ಕಟಿಂಗ್. ಅಲ್ಲಿನ ದಪ್ಪ ಪುಸ್ತಕದಿಂದ ಹಳೆ ಫ್ಯಾನುಗಳ ಚಿತ್ರ ನಕಲು ಮಾಡಿಸಿದ್ದಕ್ಕೆ ಇನ್ನೊಂದು ಶೇವಿಂಗ್. ಇದಕ್ಕೆಲ್ಲ ಅಂಗಡಿ ಮುಚ್ಚಿ ಓಡಾಡಿದ ಮಧ್ಯಾಹ್ನಗಳನ್ನು ಲೆಕ್ಕಕ್ಕೆ ಹಿಡಿದರೆ ಹೊಟ್ಟೆ ಉರಿಯುತ್ತದೆ, ಹಿಡಿಯುವುದು ಬೇಡ. ಕ್ಷೌರಿಕ ಯಾವುದರ ಬೆಲೆಯನ್ನೂ ದುಡ್ಡಿನಲ್ಲಿ ಎಣಿಸಿದವನಲ್ಲ. ತಲೆಗಳಲ್ಲಿ ಎಣಿಸುತ್ತಿದ್ದ.

"ರೀ, ಈ ಫ್ಯಾನಿನ ಚರಿತ್ರೆ ಹುಡುಕ್ತಾ ಎಷ್ಟು ತಲೆ ಹೋಯ್ತು ಗೊತ್ತಾ?" ಎಂದಳು ಹೆಂಡತಿ. "ನಿಮ್ಮ ತಲೆ ಬೇರೆ ಕೆಟ್ಟಿದೆ, ಅದನ್ನೂ ಸೇರಿಸ್ಕೊಳ್ಳಿ."

"ಸುಮ್ನಿರೇ. ಗೆದ್ರೆ ಒಂದು ವರ್ಷ ಕರೆಂಟ್ ಪುಕ್ಕಟೆ."

ಊರಿಗೆ ವಿದ್ಯುತ್ ಬಂದು ನೂರು ವರ್ಷವಾಯಿತೆಂದು ವಿದ್ಯುತ್ ಕಚೇರಿಯವರು ಹಳೆಯ ಸಾಮಾನುಗಳ ಪ್ರದರ್ಶನ ಇಟ್ಟಿದ್ದರು. ಎಲ್ಲಕ್ಕಿಂತ ಹಳೆಯದಾಗಿದ್ದು ಇನ್ನೂ ತಿರುಗುವ ಫ್ಯಾನು ಯಾರದೋ ಅವರಿಗೆ ಈ ಬಹುಮಾನ. ಆದರೆ ಕ್ಷೌರಿಕನ ನಿದ್ದೆ ಕೆಡಿಸಿದ್ದು ಕರೆಂಟಲ್ಲ, ಷಡ್ಡಕ.

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ, ಎದುರು ಸಾಲಿನ ದರ್ಜಿ. ಮಾವ ಇಬ್ಬರು ಹೆಣ್ಣುಮಕ್ಕಳನ್ನೂ ಕತ್ತರಿ ಹಿಡಿದವರಿಗೇ ಕೊಟ್ಟಿದ್ದ. ಆತ ಟಾಕೀಸಿನಲ್ಲಿ ಸಿನಿಮಾ ಓಡಿಸುತ್ತಿದ್ದವನು. ಟಾಕೀಸು ಮುಚ್ಚಿದಾಗ ಹರಾಜಿನಲ್ಲಿ ಎರಡು ಮೇಜಿನ ಫ್ಯಾನು ಹಿಡಿದು ತಂದು, ಮದುವೆಯಲ್ಲಿ ಅಳಿಯನಿಗೊಂದರಂತೆ ಕೊಟ್ಟ. ಒಂದು ಅಜ್ಜನ ಕಾಲದ್ದು, ಇನ್ನೊಂದು ಅಪ್ಪನ ಕಾಲದ್ದು ಎಂದನೇ ಹೊರತು ಯಾವುದು ಯಾವುದೆಂದು ಬಾಯಿ ಬಿಡಲಿಲ್ಲ. ಹಿರಿಯ ಅಳಿಯ ನಾನು, ಹಳೆಯದು ನನಗೇ ಕೊಟ್ಟಿರುತ್ತಾರೆ ಎಂದು ಕ್ಷೌರಿಕ ನಂಬಿದ. ಹಿತ್ತಾಳೆಯ ರೆಕ್ಕೆ ಇರುವುದು ನನ್ನದಕ್ಕೆ, ಮಾವನಿಗೆ ಪ್ರೀತಿ ನನ್ನ ಮೇಲೇ ಎಂದು ದರ್ಜಿ ನಂಬಿದ. ಅಂದಿನಿಂದ ಅವರದು ಎಣ್ಣೆ ಸೀಗೆಕಾಯಿ ಸಂಬಂಧ. ದರ್ಜಿ ಕಟಿಂಗಿಗೆ ಊರಾಚೆ ಹೋಗುತ್ತಿದ್ದ. ಕ್ಷೌರಿಕ ಅಂಗಿ ಹೊಲಿಸಲು ಅದಕ್ಕಿಂತ ಆಚೆ ಹೋಗುತ್ತಿದ್ದ.

ಈ ಎರಡೂ ಫ್ಯಾನಿಗೆ ಒಂದು ವಿಚಿತ್ರ ಇತ್ತು. ಗಾಳಿ ಮುಖದಿಂದ ಬರುತ್ತಿರಲಿಲ್ಲ, ಬೆನ್ನಿನಿಂದ ಬರುತ್ತಿತ್ತು. ಹಾಗಾಗಿ ಎರಡೂ ಅಂಗಡಿಯಲ್ಲಿ ಫ್ಯಾನು ಗೋಡೆಗೆ ಮುಖ ಮಾಡಿ ಕೂತಿರುತ್ತಿತ್ತು.

"ಏನು ಸ್ವಾಮಿ, ನಿಮ್ಮ ಫ್ಯಾನು ಮುನಿಸ್ಕೊಂಡಿದೆಯಾ?" ಎಂದು ಹೊಸ ಗಿರಾಕಿ ಕೇಳಿದರೆ, "ಹಳೇ ಕಾಲದ್ದು ಸಾರ್, ಆಗೆಲ್ಲ ಹೀಗೇ," ಎನ್ನುತ್ತಿದ್ದ ಕ್ಷೌರಿಕ. ಫ್ಯಾನಿಗೂ ಗೋಡೆಗೂ ನಡುವಿನ ಗಾಳಿ ತಾಗದ ಜಾಗದಲ್ಲಿ ಪೌಡರಿನ ಡಬ್ಬಿ ಇಟ್ಟಿರುತ್ತಿದ್ದ.

ಪ್ರದರ್ಶನದ ಸುದ್ದಿ ಬಂದ ಮೇಲೆ ಅವನು ಈ ವಿಚಿತ್ರದ ಬೆನ್ನು ಹತ್ತಿದ. ಗ್ರಂಥಾಲಯದ ಪುಸ್ತಕದಲ್ಲಿ ಒಂದೊಂದು ಚಿತ್ರದಲ್ಲೂ ದೊಡ್ಡ ಮನುಷ್ಯರು ಫ್ಯಾನಿನ ಮುಂದೆಯೇ ಕೂತಿದ್ದರು. ಕ್ಷೌರಿಕ ಫ್ಯಾನು ನೋಡಲಿಲ್ಲ, ಮೀಸೆ ನೋಡಿದ. ಒಬ್ಬೊಬ್ಬನದೂ ಮೇಣ ಹಾಕಿ ತಿರುವಿದ ಮೊಳದುದ್ದದ ಮೀಸೆ. ಒಂದು ಕೂದಲೂ ಅಲುಗಿಲ್ಲ. ಅವನಿಗೆ ಜ್ಞಾನೋದಯವಾಯಿತು.

"ಗಾಳಿ ಮುಂದಿಂದ ಬಂದಿದ್ರೆ ಆ ಮೀಸೆ ನಿಲ್ತಿತ್ತೇನೆ?" ಎಂದು ಹೆಂಡತಿಗೆ ವಿವರಿಸಿದ. "ಮೀಸೆ ಉಳೀಲಿ ಅಂತಲೇ ಆ ಕಾಲದೋರು ಬೆನ್ನಿಂದ ಗಾಳಿ ಬರೋ ಫ್ಯಾನು ಮಾಡಿದ್ರು. ಮೀಸೆ ಬೋಳಿಸೋದು ಶುರುವಾದ ಮೇಲೆ ಗಾಳಿ ಮುಂದಕ್ಕೆ ತಿರುಗಿತು. ಅಂದ್ರೆ ಫ್ಯಾನಿನ ಚರಿತ್ರೆ ಬದಲಾಯಿಸಿದ್ದು ಯಾರು? ನಮ್ಮೋರು!"

"ಹಂಗಾದ್ರೆ ಸೆಖೆ ಆದೋರು ಏನು ಮಾಡ್ತಿದ್ರು?"

"ಫ್ಯಾನಿನ ಹಿಂದೆ ಕೂತ್ಕೊಳ್ತಿದ್ರು."

"ಹಿಂದೆ ಕೂತ್ರೆ ಮೀಸೆಗೆ ಗಾಳಿ ಬಡೀತಿರ್ಲಿಲ್ವಾ?"

ಕ್ಷೌರಿಕ ಚಿತ್ರದ ಹಾಳೆಗಳನ್ನು ಮಡಚಿಟ್ಟು, "ನಿಂಗೆ ಚರಿತ್ರೆ ಅರ್ಥ ಆಗಲ್ಲ," ಎಂದ.

ಆಮೇಲೆ ತನ್ನ ಫ್ಯಾನಿನ ಬಣ್ಣ ಕೆರೆಯಲು ಕೂತ. ಮೇಲೆ ಹಸಿರು, ಕೆಳಗೆ ನೀಲಿ, ಅದರ ಕೆಳಗೆ ಟಾಕೀಸಿನ ಗೋಡೆಗೆ ಹೊಡೆದು ಉಳಿದಿದ್ದ ಕೆಂಪು. ಎಲ್ಲ ಹೋದ ಮೇಲೆ ಕಪ್ಪು ಕಬ್ಬಿಣದ ಮೈಯ ಮುಂಬದಿಯಲ್ಲಿ ಒಂದು ಸಣ್ಣ ಹಿತ್ತಾಳೆ ಫಲಕ ಕಂಡಿತು. ಅಕ್ಷರ ಸವೆದಿದ್ದವು. ಚಿಟಿಕೆ ಪೌಡರು ಹಾಕಿ ಬೆರಳಲ್ಲಿ ತಿಕ್ಕಿದ. ಬಿಳಿ ಪುಡಿ ಗೆರೆಗಳಲ್ಲಿ ಕೂತು, ಎಣಿಸಿದರೆ ನೂರು ವರ್ಷಕ್ಕೂ ಹಿಂದಿನ ಒಂದು ಇಸವಿ ಎದ್ದು ನಿಂತಿತು. ಕ್ಷೌರಿಕ ಅಂಗಡಿಯ ಬಾಗಿಲಿಗೆ ಬಂದು ಎದುರು ಸಾಲಿನ ಕಡೆ ನೋಡಿ, ಸುಮ್ಮನೆ ಮೀಸೆ ತಿರುವಿದ. ಅವನಿಗೆ ಮೀಸೆ ಇರಲಿಲ್ಲ. ಆದರೂ ತಿರುವಿದ.

ಪ್ರದರ್ಶನದ ದಿನ ಕಚೇರಿಯ ಸಭಾಂಗಣದಲ್ಲಿ ಗೋಡೆಯುದ್ದಕ್ಕೂ ಮೇಜು ಹಾಕಿದ್ದರು. ಮೇಜಿಗೂ ಗೋಡೆಗೂ ನಡುವೆ ಒಬ್ಬರು ಓಡಾಡುವಷ್ಟು ಜಾಗ. ಕ್ಷೌರಿಕ ತನ್ನ ಫ್ಯಾನನ್ನು ಗೋಡೆಗೆ ಮುಖ ಮಾಡಿಟ್ಟ. ಪಕ್ಕದಲ್ಲಿ ದರ್ಜಿಯೂ ಅವನ ಕಡೆ ನೋಡದೆ ಹಾಗೇ ಇಟ್ಟ. ಮಾವ ಮುಂದಿನ ಕುರ್ಚಿಯಲ್ಲಿ ಕೋಲಿನ ಮೇಲೆ ಗದ್ದ ಊರಿ ಕೂತಿದ್ದ.

ಹಳೆಯ ಸಾಮಾನು ನೋಡಿ ವಯಸ್ಸು ಹೇಳುವ ಪರೀಕ್ಷಕಿ ಬಂದಳು. ಕಪ್ಪು ಕೋಟು, ದಪ್ಪ ಕನ್ನಡಕ.

"ಇವೆರಡು ಮಾತ್ರ ಯಾಕೆ ಬೆನ್ನು ತೋರಿಸ್ತಿವೆ?"

"ಮೇಡಂ, ಆ ಕಾಲದಲ್ಲಿ ಮೀಸೆ..." ಎಂದು ಕ್ಷೌರಿಕ ಶುರು ಮಾಡಿದ.

"ಮೀಸೆಯೂ ಇಲ್ಲ, ಗಡ್ಡವೂ ಇಲ್ಲ," ಎಂದು ದರ್ಜಿ ನುಗ್ಗಿದ. "ಮೇಡಂ, ಫ್ಯಾನು ಮೊದಲು ಮಾಡಿದ್ದೇ ದರ್ಜಿಗಳಿಗೆ. ಕತ್ತರಿಸಿಟ್ಟ ಬಟ್ಟೆ ಹಾರಬಾರದು ಅಂತ ಗಾಳಿ ಹಿಂದಕ್ಕೆ ಇಟ್ರು. ಇದು ನನ್ನ ಸಂಶೋಧನೆ."

"ನಿನ್ನ ಸಂಶೋಧನೆಗೆ ಕಾಜಾ ಹೊಲಿ!"

"ಭಾವ, ನಿಮ್ಮದಕ್ಕೆ ಮೊದಲು ಸೋಪು ಹಚ್ಚಿ!"

ಪರೀಕ್ಷಕಿ ಇಬ್ಬರನ್ನೂ ಬಿಟ್ಟು ಫ್ಯಾನುಗಳನ್ನು ಮಾತಾಡಿಸಿದಳು. ರೆಕ್ಕೆ ಕೈಯಲ್ಲಿ ತಿರುಗಿಸಿದಳು, ಕೊನೆಗೆ ಎರಡನ್ನೂ ಹಾಕಿ ನೋಡಿದಳು. "ಬೆನ್ನಿಂದ ಗಾಳಿ ಬಿಡಲಿ ಅಂತ ಯಾರೂ ಮೇಜಿನ ಫ್ಯಾನು ಮಾಡಿಲ್ಲ. ಈ ಎರಡು ಮೋಟಾರು ಒಂದಕ್ಕೊಂದು ಎದುರು ದಿಕ್ಕಿಗೆ ತಿರುಗ್ತವೆ. ಇದರ ರೆಕ್ಕೆ ಅದರದ್ದು, ಅದರ ರೆಕ್ಕೆ ಇದರದ್ದು. ಹಳೇ ಮೈ ಇಲ್ಲಿದೆ, ಅದರ ಹಿತ್ತಾಳೆ ರೆಕ್ಕೆ ಅಲ್ಲಿದೆ. ಯಾರೋ ಅದಲುಬದಲು ಮಾಡಿದಾರೆ."

ಮುಂದಿನ ಕುರ್ಚಿಯಿಂದ ಕೆಮ್ಮು ಕೇಳಿಸಿತು. ಕೆಮ್ಮಲ್ಲ, ನಗು. ಮಾವ ಕೋಲು ಬಿಟ್ಟು ಹೊಟ್ಟೆ ಹಿಡಿದುಕೊಂಡಿದ್ದ.

"ಮಾವ! ನೀವಾ?" ಎಂದ ಕ್ಷೌರಿಕ.

"ಇನ್ಯಾರು? ಒಬ್ಬನಿಗೆ ಹಳೇದು, ಒಬ್ಬನಿಗೆ ಹೊಸದು ಕೊಟ್ಟಿದ್ರೆ ನನ್ನ ಹೆಣ್ಣುಮಕ್ಕಳು ನನ್ನ ಬದುಕೋಕೆ ಬಿಡ್ತಿದ್ರಾ? ರೆಕ್ಕೆ ಬದಲಾಯಿಸಿ ಅರ್ಧರ್ಧ ಮಾಡಿದೆ. ಗಾಳಿ ತಿರುಗಾಮುರುಗಾ ಆಯ್ತು. ಸರಿ ಮಾಡೋಣ ಅಂತ ಬಂದ್ರೆ ನೀವಿಬ್ಬರೂ ಆಗಲೇ ಗೋಡೆ ಕಡೆ ತಿರುಗಿಸಿಟ್ಟು, ಹಳೇದು ಹೀಗೇ ಇರೋದು ಅಂತ ಗಿರಾಕಿಗಳಿಗೆ ಪಾಠ ಹೇಳ್ತಿದ್ರಿ. ವಿದ್ವಾಂಸರ ಮಧ್ಯೆ ನಾನ್ಯಾಕೆ ಬಾಯಿ ಹಾಕಲಿ ಅಂತ ಸುಮ್ನಾದೆ."

ಕ್ಷೌರಿಕ ತನ್ನ ಫ್ಯಾನಿನ ರೆಕ್ಕೆ ಮುಟ್ಟಿ ನೋಡಿದ. ಇಷ್ಟು ವರ್ಷ ಹಿರಿಯ ಅಳಿಯ ಎಂದು ಬೀಗಿದ್ದು ಅರ್ಧ ಫ್ಯಾನಿನ ಮೇಲೆ. ಪಕ್ಕಕ್ಕೆ ನೋಡಿದ. ದರ್ಜಿಯ ಮುಖವೂ ಇಸ್ತ್ರಿ ಹೋದ ಅಂಗಿಯಂತಿತ್ತು. ಅದನ್ನು ನೋಡಿ ಸ್ವಲ್ಪ ಸಮಾಧಾನವಾಯಿತು.

"ಹಳೇದನ್ನ ಜೋಡಿಸಿ ಓಡಿಸಿದ್ರೆ ಬಹುಮಾನಕ್ಕೆ ತಗೋತೀನಿ," ಎಂದಳು ಪರೀಕ್ಷಕಿ.

ದರ್ಜಿ ತಿರುಪುಳಿ ತಂದ. ಕ್ಷೌರಿಕ ಮೈ ಹಿಡಿದುಕೊಂಡ. ಮದುವೆಯಾದ ಮೇಲೆ ಇಬ್ಬರೂ ಸೇರಿ ಮಾಡಿದ ಮೊದಲ ಕೆಲಸ ಅದು. ಹಿತ್ತಾಳೆ ರೆಕ್ಕೆ ಹಳೆಯ ಮೈ ಸೇರಿತು, ಇನ್ನೊಂದು ರೆಕ್ಕೆ ಹೊಸ ಮೈ ಸೇರಿತು. ಕ್ಷೌರಿಕ ಜೊತೆಗೆ ತಂದಿದ್ದ ಪೌಡರಿನ ಡಬ್ಬಿ ತೆಗೆದು ಫಲಕಕ್ಕೆ ತಿಕ್ಕಿ ಇಸವಿ ಎಬ್ಬಿಸಿದ. ಕೈ ತನ್ನ ಪಾಡಿಗೆ ಫ್ಯಾನನ್ನು ಮತ್ತೆ ಗೋಡೆ ಕಡೆ ತಿರುಗಿಸಿತು. ಮುಚ್ಚಳ ತೆಗೆದ ಡಬ್ಬಿಯನ್ನು ಅದರ ಮುಖದೆದುರು ಇಟ್ಟಿತು. ಬಾಯಿಯೂ ತನ್ನ ಪಾಡಿಗೆ ಉಪಚಾರ ಮಾಡಿತು.

"ಮೇಡಂ, ನೀವು ಈ ಕಡೆ ಬಂದು ಫಲಕ ನೋಡಿ. ಇಲ್ಲಿ ಗಾಳಿ ತಾಗಲ್ಲ."

ಪರೀಕ್ಷಕಿ ಮೇಜಿನ ಹಿಂದೆ ಹೋಗಿ ಬಗ್ಗಿದಳು. ದರ್ಜಿ ಗುಂಡಿ ಒತ್ತಿದ.

ಅಷ್ಟು ವರ್ಷ ಮುಖ ಕಟ್ಟಿಕೊಂಡಿದ್ದ ಫ್ಯಾನು ಒಮ್ಮೆಲೇ ಬಾಯಿ ಬಿಟ್ಟಿತು. ಡಬ್ಬಿಯೊಳಗಿದ್ದ ಪೌಡರಷ್ಟೂ ಎದ್ದಿತು. ಮೋಡ ಕರಗಿದಾಗ ಕಪ್ಪು ಕೋಟು ಬೆಳ್ಳಗಾಗಿತ್ತು, ಕನ್ನಡಕದ ಎರಡು ಗಾಜೂ ಸುಣ್ಣ ಬಳಿದ ಕಿಟಕಿಯಂತಿದ್ದವು, ಹುಬ್ಬು ಎಲ್ಲಿದೆಯೆಂದು ಹುಡುಕಬೇಕಿತ್ತು. ಪರೀಕ್ಷಕಿ ಮೂರು ಸಲ ಸೀನಿ, ಕನ್ನಡಕ ತೆಗೆದಳು.

"ಗಾಳಿ ಚೆನ್ನಾಗಿದೆ," ಎಂದಳು. "ಮಾಲೀಕರ ಹೆಸರು?"

"ನಾನು, ಮೈ ನನ್ನದು," ಎಂದ ಕ್ಷೌರಿಕ.

"ರೆಕ್ಕೆ ನನ್ನದು," ಎಂದ ದರ್ಜಿ.

"ಒಂದೇ ಹೆಸರು ಬೇಕು."

ಕ್ಷೌರಿಕ ಮಾವನ ಕಡೆ ತಿರುಗಿದ. ಕೇಳಬೇಕೆಂದು ಮದುವೆಯ ದಿನದಿಂದ ಗಂಟಲಲ್ಲಿಟ್ಟುಕೊಂಡಿದ್ದನ್ನು ಕೇಳಿಯೇಬಿಟ್ಟ. "ಮಾವ, ಎಲ್ಲರ ಎದುರಿಗೇ ಹೇಳಿ. ಈ ಹಳೇ ಫ್ಯಾನು ನೀವು ಯಾರಿಗೆ ಕೊಟ್ಟಿದ್ದು?"

"ಯಾರಿಗೂ ಪೂರ್ತಿ ಕೊಟ್ಟೇ ಇಲ್ವಲ್ಲಪ್ಪಾ," ಎಂದ ಮಾವ ಎದ್ದು ನಿಂತು. "ಅಂದ ಮೇಲೆ ಅದು ಇನ್ನೂ ನಂದೇ. ಬರ್ಕೊಳ್ಳಮ್ಮ ನನ್ನ ಹೆಸರು."

ಗಾಳಿ ಬಂದಾಗ ತೂರಿಕೊಳ್ಳುವುದನ್ನು ಮುದುಕನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸಂಜೆ ಸಭಾಂಗಣ ಖಾಲಿಯಾಯಿತು. ಮೇಜಿನ ಮೇಲೆ ಪೂರ್ತಿ ಹಳೆಯದೊಂದು, ಪೂರ್ತಿ ಹೊಸದೊಂದು, ಎರಡೂ ಮುಖದಿಂದಲೇ ಗಾಳಿ ಬರುವಂಥವು. ಮಾವ, "ಬಹುಮಾನ ಸಾಕು, ಸಾಮಾನು ನೀವೇ ಒಯ್ಕೊಳ್ಳಿ," ಎಂದು ಹೋಗಿಬಿಟ್ಟಿದ್ದ. ಅಳಿಯಂದಿರು ನಿಂತೇ ಇದ್ದರು. ಯಾವುದನ್ನು ಯಾರು ಎತ್ತಬೇಕು? ಹಳೆಯದಕ್ಕೆ ಕೈ ಚಾಚಲು ಕ್ಷೌರಿಕನ ಬೆರಳು ತುರಿಸಿತು. ದರ್ಜಿಯ ಬೆರಳೂ ತುರಿಸುತ್ತಿರುವುದು ಕಂಡಿತು. ಮನೆಯಲ್ಲಿ ಕಾಯುತ್ತಿದ್ದ ಅಕ್ಕತಂಗಿಯರ ನೆನಪೂ ಇಬ್ಬರಿಗೂ ಒಟ್ಟಿಗೇ ಬಂದಿರಬೇಕು.

"ತಿರುಪುಳಿ ಇನ್ನೂ ಇದೆಯೇನಪ್ಪಾ?" ಎಂದ ಕ್ಷೌರಿಕ.

"ಜೇಬಲ್ಲೇ ಇದೆ ಭಾವ."

ರೆಕ್ಕೆಗಳನ್ನು ಮತ್ತೆ ಅದಲುಬದಲು ಮಾಡಿ, ತಮ್ಮ ತಮ್ಮ ಅರ್ಧರ್ಧವನ್ನು ಹೊತ್ತುಕೊಂಡು ಒಟ್ಟಿಗೇ ಮನೆಗೆ ನಡೆದರು.

ಒಂದು ವರ್ಷದ ಪುಕ್ಕಟೆ ಕರೆಂಟು ಮಾವನಿಗೆ ಹೋಯಿತು. ಕ್ಷೌರಿಕನಿಗೆ ನಷ್ಟವಾದದ್ದು ಏಳೆಂಟು ತಲೆ, ಒಂದು ಡಬ್ಬಿ ಪೌಡರು ಮತ್ತು ಮೀಸೆಯ ಚರಿತ್ರೆ. ಸಿಕ್ಕಿದ್ದು ಒಂದು ತಲೆ. ದರ್ಜಿ ಈಗ ಕಟಿಂಗಿಗೆ ಇಲ್ಲಿಗೇ ಬರುತ್ತಾನೆ, ಫ್ಯಾನಿನ ಬೆನ್ನಿನ ಕಡೆ ಕೂತುಕೊಳ್ಳುತ್ತಾನೆ.